ಮೂರು ಕಾಲಿನ ಓಟದ ಪಟ್ಟಿ

ಗೋರ್ನಾ ಕ್ರುಶಾ,
ಬುಧವಾರ, 24 ಅಕ್ಟೋಬರ್ 1973

ಮುದ್ದು ಮಗಳು ನೆವ್ಯಾನಾಗೆ,

ನಿನ್ನ ಅಪ್ಪನ ತುಂಬು ಹರಕೆ. ಮೊದಲು ನಿನ್ನ ಆರೋಗ್ಯದ ಮಾತು. ಕಳೆದ ಕಾಗದದಲ್ಲಿ ಕೆಮ್ಮು ಅಂತ ಒಂದೇ ಸಾಲು ಬರೆದು ಮುಗಿಸಿಬಿಟ್ಟಿದ್ದೀ. ಹೋಯಿತೋ, ಇನ್ನೂ ಎದೆಯಲ್ಲೇ ಕೂತಿದೆಯೋ? ವಾರ್ನಾದ ಸಮುದ್ರದ ಗಾಳಿ ನಿನಗೆ ಒಗ್ಗುವುದಿಲ್ಲ ಅಂದರೆ ಮುದುಕನ ಗೊಣಗಾಟ ಅನ್ನುತ್ತೀ. ಅನ್ನು, ಆದರೆ ರಾತ್ರಿ ಮಲಗುವಾಗ ಬಿಸಿ ಹಾಲಿಗೆ ಜೇನು ಹಾಕಿ ಕುಡಿ, ಕುತ್ತಿಗೆಗೆ ಉಣ್ಣೆ ಸುತ್ತಿಕೋ. ನಿನ್ನ ಗಂಡನ ಬೆನ್ನು ಹೇಗಿದೆ? ಬಂದರಿನಲ್ಲಿ ಮೂಟೆ ಎತ್ತುವವನಿಗೆ ಅಗಲವಾದ ಚರ್ಮದ ನಡುಪಟ್ಟಿ ಬೇಕು ಅಂತ ಎಷ್ಟು ಸಲ ಹೇಳಿದೆ! ಲಾಜರನ ಸೊಂಟದ ಅಳತೆಯನ್ನು ಒಂದು ದಾರದಲ್ಲಿ ಗಂಟು ಹಾಕಿ ಕಳಿಸು, ಹೊಲಿದುಕೊಡುತ್ತೇನೆ. ಇಲ್ಲಿ ನನ್ನ ಮಂಡಿ ಎರಡೂ ಮಾತಾಡಿಕೊಂಡು ಒಂದು ದಿನ ಅದು, ಒಂದು ದಿನ ಇದು ನೋಯುತ್ತವೆ. ಮೇಕೆ ಹಾಲು ಕಡಿಮೆ ಮಾಡಿದೆ. ಪ್ಲಮ್ ಈ ವರ್ಷ ಕೊಂಬೆ ಮುರಿಯುವಷ್ಟು ಬಿಟ್ಟಿತ್ತು, ಸಾರಾಯಿ ಇಳಿಸಿದೆ, ಕುಡಿಯಲು ಮನಸ್ಸಿಲ್ಲ. ನಾನೇ ಹೀಗೆ ಬರೆಯುತ್ತಿದ್ದೇನೆ ಅಂದಮೇಲೆ ಇಲ್ಲಿ ಏನೋ ಸರಿಯಿಲ್ಲ ಅಂತ ನಿನಗೆ ಗೊತ್ತಾಗಿರಬೇಕು. ನಿನ್ನ ಮಗ ಸ್ಪಾಸ್ ಚೆನ್ನಾಗಿದ್ದಾನೆ ಅಂತ ಮೇಲೆಯೇ ಬರೆಯೋಣ ಅಂತ ಕೂತೆ. ಎರಡು ಸಲ ಬರೆದೆ, ಎರಡು ಸಲವೂ ಹೊಡೆದುಹಾಕಿ ಹೊಸ ಹಾಳೆ ತೆಗೆದುಕೊಂಡೆ.

ನೀನು ಕಳಿಸಿದ ಪಾರ್ಸೆಲ್ ಶನಿವಾರವೇ ಬಂತು, ಅವನ ಹುಟ್ಟುಹಬ್ಬಕ್ಕೆ ಸರಿಯಾಗಿ. ಮಿಠಾಯಿ ಎಲ್ಲ ಸರಿ. ಶೂ ಮಾತ್ರ ಚಿಕ್ಕದಾಯಿತು ಮಗಳೇ. ನೀನು ಹೋಗುವಾಗ ನೋಡಿದ್ದ ಕಾಲಿನ ಅಳತೆಗೆ ತೆಗೆದುಕೊಂಡಿದ್ದೀ, ಅವನೋ ಈ ಏಳು ತಿಂಗಳಲ್ಲಿ ಎರಡು ಬೆರಳು ಉದ್ದವಾಗಿದ್ದಾನೆ. ನಿನ್ನದು ತಪ್ಪಲ್ಲ. ಆದರೆ ಅವನು ಶೂ ಹಾಕಿ ನೋಡಿ, ಬಿಚ್ಚಿ, ಒಂದರ ಪಕ್ಕ ಒಂದು ಜೋಡಿಸಿಟ್ಟು, "ಇದು ಯಾನಾಗೆ ಕಳಿಸಿರೋದು ಅಜ್ಜಾ" ಅಂದ. ಸುಮ್ಮನೆ ಅಂದ, ಅಳಲಿಲ್ಲ. ಸತ್ತ ತಂಗಿಗೆ ಅಮ್ಮ ಶೂ ಕಳಿಸುವುದು ಅವನಿಗೆ ಆಶ್ಚರ್ಯದ ಸಂಗತಿಯಾಗಿ ಕಾಣಲಿಲ್ಲ. ನಾನು ಮೇಕೆಗೆ ಹುಲ್ಲು ಹಾಕುವ ನೆವ ಮಾಡಿಕೊಂಡು ಹೊರಗೆ ಹೋದೆ.

ಫೆಬ್ರವರಿಯ ಆ ದಿನದ ಮಾತನ್ನು ನಾವಿಬ್ಬರೂ ಒಂದು ಸಲವೂ ಆಡಿಲ್ಲ. ಇವತ್ತು ಆಡಲೇಬೇಕು, ನಿನಗೆ ಸಿಟ್ಟು ಬಂದರೂ ಸರಿ. ಮೂರೇ ದಿನದ ಜ್ವರ, ಕತ್ತಿನ ತನಕ ಹಿಮ, ಊರಿನಿಂದ ಹೊರಗೆ ಹೋಗುವ ದಾರಿಯೇ ಇಲ್ಲ. ಯಾನಾಳನ್ನು ಪೆಟ್ಟಿಗೆಯಲ್ಲಿ ಮಲಗಿಸಿದ್ದೆವು. ಆಗ ಗೆನಾ ಮುದುಕಿ ನನ್ನ ಅಂಗಡಿಯ ಗೋಡೆಯಿಂದ ಕುದುರೆಯ ಕಾಲುಬೇಡಿಯನ್ನು ತೆಗೆದು ಶಾಲಿನಲ್ಲಿ ಮುಚ್ಚಿಕೊಂಡು ತಂದಳು. ಅದರ ಒಂದು ಬಳೆ ಸತ್ತವಳ ಕಾಲಿಗೆ, ಇನ್ನೊಂದು ಬಳೆ ಬದುಕಿರುವವನ ಕಾಲಿಗೆ. "ಅವಳಿ ಮಕ್ಕಳು ಕಣಮ್ಮಾ. ಒಂದೇ ಹೊಟ್ಟೆ, ಒಂದೇ ದಿನ. ಬಿಡಿಸ್ದೆ ಕಳಿಸಿದ್ರೆ ಹೋದೋಳು ಇದ್ದೋನ್ನ ಕರೀತಾಳೆ" ಅಂದಳು. ಬೇರೆ ಮನೆಯ ಮಗು ಯಾವುದಾದರೂ ಬಂದು, ದೇವರ ಹೆಸರಲ್ಲಿ ನಿನ್ನನ್ನು ಬಿಡಿಸಿದೆ, ಇವತ್ತಿಂದ ನೀನು ನನ್ನ ತಮ್ಮ ಅಂತ ಹೇಳಿ ಬೀಗ ತೆಗೆಯಬೇಕು. ಹಾಗೆ ಸತ್ತ ತಂಗಿಯ ಜಾಗಕ್ಕೆ ಬದುಕಿರುವ ಅಣ್ಣ ಸಿಗುತ್ತಾನೆ. ನಮ್ಮ ಊರು ಹುಟ್ಟಿದಾಗಿನಿಂದ ಅವಳಿಗಳಿಗೆ ಮಾಡಿಕೊಂಡು ಬಂದದ್ದು. ನೀನು ಎದ್ದು ನಿಂತು ಕಿರುಚಿದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. "ನನ್ನ ಮಗ ಏನು ಕುದುರೇನಾ? ಹೆಣಕ್ಕೆ ಕಟ್ತೀರಾ ಅವನನ್ನ? ಹೋಗಿ ಎಲ್ಲಾ ಆಚೆಗೆ!" ಹತ್ತು ವರ್ಷ ಈ ಊರಿನ ಮಕ್ಕಳಿಗೆ ಅಕ್ಷರ ಕಲಿಸಿದ ಟೀಚರ್ ನೀನು, ಬೇರೆ ಏನು ಹೇಳುತ್ತಿದ್ದೆ? ಮುದುಕಿಯ ಕೈಯಿಂದ ಬೇಡಿಯನ್ನು ಕಿತ್ತುಕೊಂಡು ಹಿಮಕ್ಕೆ ಎಸೆದವನು ನಾನು. ಸರಿಯಾಗಿಯೇ ಮಾಡಿದೆವು. ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಸರಿಯಾದದ್ದನ್ನು ಮಾಡಿದವರು ನಾವಿಬ್ಬರು, ಅನುಭವಿಸುತ್ತಿರುವವನು ಅವನು.

ಇದನ್ನು ನಾನು ನಿನಗೆ ಇಲ್ಲಿಯವರೆಗೆ ಬರೆದಿಲ್ಲ. ನೀನು ಮಾರ್ಚಿನಲ್ಲಿ, "ಬೇಸಿಗೆವರೆಗೂ ಅಷ್ಟೇ ಅಪ್ಪಾ" ಅಂತ ಹೇಳಿ ಲಾಜರನ ಹತ್ತಿರ ಹೋದ ಮೇಲೆ ಊರಿನ ಒಂದು ಮಗುವೂ ನಮ್ಮ ಸ್ಪಾಸ್ ಜೊತೆ ಆಡಿಲ್ಲ. ಬೈಯುವುದಿಲ್ಲ, ಹೊಡೆಯುವುದಿಲ್ಲ. ಅವನು ಹೋದರೆ ಆಟ ನಿಲ್ಲುತ್ತದೆ, ಅವನು ವಾಪಸು ಬಂದಮೇಲೆ ಮತ್ತೆ ಶುರುವಾಗುತ್ತದೆ, ಅಷ್ಟೇ. ಶಾಲೆಯಲ್ಲಿ ಬೆಂಚಿಗೆ ಒಬ್ಬನೇ. ಅವನಿಗೆ ಹೆಸರು ಬೇರೆ ಇಟ್ಟಿದ್ದಾರೆ, 'ಬಿಡಿಸದವನು' ಅಂತ. ಈಸ್ಟರ್ ಕಳೆದ ಮೇಲೆ ಎಡಗಾಲು ಎಳೆಯಲು ಶುರುಮಾಡಿದ. ಪೇಟೆಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ, ಮೂಳೆ ಕಲ್ಲಿನ ಹಾಗಿದೆ ಅಂದರು. ಮೂಳೆಯಲ್ಲಿ ಏನಿರುತ್ತದೆ? ಯಾರೋ ಎಳೆಯುತ್ತಿದ್ದಾರೆ ಅಂದುಕೊಂಡ ಕಾಲು ಅದು.

ಸೆಪ್ಟೆಂಬರಿನಲ್ಲಿ ನನಗೆ ಹಟ ಹುಟ್ಟಿತು. ಈ ಹುಟ್ಟುಹಬ್ಬಕ್ಕೆ ಊರಿನ ಮಕ್ಕಳನ್ನೆಲ್ಲ ನಮ್ಮ ಅಂಗಳಕ್ಕೆ ತರಿಸದಿದ್ದರೆ ನನ್ನ ಹೆಸರು ವೆಲ್ಕೊ ಅಲ್ಲ ಅಂದುಕೊಂಡೆ. ಮಗುವನ್ನು ತಡೆಯುವ ತಾಯಿ ಇರಬಹುದು, ಆದರೆ ಒಳ್ಳೆಯ ಆಟವೊಂದನ್ನು ಕಂಡುಬಿಟ್ಟ ಮಗುವನ್ನು ತಡೆಯುವ ತಾಯಿ ಇನ್ನೂ ಹುಟ್ಟಿಲ್ಲ. ಪೇಟೆಯ ಅಂಗಡಿಯಲ್ಲಿ ಏನಿದೆ, ಅದೇ ಪ್ಲಾಸ್ಟಿಕ್ ಬಾತುಕೋಳಿ. ಆ ಬಾತುಕೋಳಿಗೆ ಯಾರು ಬೇಲಿ ಹಾರುತ್ತಾರೆ! ಐವತ್ತು ವರ್ಷ ಜೀನು ಲಗಾಮು ಹೊಲಿದ ಕೈ ನನ್ನದು. ಚರ್ಮದ ತುಂಡು, ಹಿತ್ತಾಳೆಯ ಬಕಲ್, ಕುದುರೆ ಕೂದಲು ಏನು ಬೇಕಾದರೂ ಇದೆ, ಕುದುರೆಗಳು ಮಾತ್ರ ಇಲ್ಲ. ಎಲ್ಲವನ್ನೂ ಮನೆಯಲ್ಲೇ ಮಾಡೋಣ ಅಂದೆ. ಒಂದೊಂದು ಮುಗಿದ ಹಾಗೆ ಒಂದೊಂದನ್ನು ಬೇಲಿಗೆ ನೇತುಹಾಕಿದೆ, ಶಾಲೆಗೆ ಹೋಗುವ ದಾರಿ ಅದೇ ತಾನೇ. ಮೀನಿಗೆ ಎರೆ ಹಾಕಿದ ಹಾಗೆ.

ಮೊದಲು ಒಂಬತ್ತು ಗೊಂಬೆಗಳನ್ನು ಕಡೆದೆ, ಸಾಲಾಗಿ ನಿಲ್ಲಿಸಿ ಚೆಂಡು ಉರುಳಿಸಿ ಬೀಳಿಸುವುದಕ್ಕೆ. ಪ್ಲಮ್ ಮರದ ಕೊಂಬೆ, ಕೆಂಪಗೆ ಕಾದ ದಬ್ಬಳದಿಂದ ಮುಖ ಸುಟ್ಟೆ. ಪಾದ್ರಿ, ಸಹಕಾರ ಸಂಘದ ಅಧ್ಯಕ್ಷ, ಬಸ್ಸಿನ ಡ್ರೈವರ್ ಸ್ತೊಯಿಲ್, ಪಕ್ಕದ ಮನೆಯ ತೊಂಕಾ ಬಾಯಿ ತೆರೆದುಕೊಂಡು, ಒಂದೇ ಹಲ್ಲಿನ ಗೆನಾ ಮುದುಕಿ, ಇನ್ನೂ ಮೂವರು ಊರವರು, ಕೊನೆಗೆ ಕುದುರೆ ಕೂದಲಿನ ಮೀಸೆ ಅಂಟಿಸಿ ನಾನು. ಸ್ಪಾಸ್ ಅಷ್ಟು ದೂರದಲ್ಲಿ ಕೂತು ನೋಡುತ್ತಿದ್ದವನು ಹತ್ತಿರ ಬಂದು, "ಅಜ್ಜಾ, ನಿನ್ನ ಮೂಗು ಇನ್ನೂ ದಪ್ಪ ಇಡು. ಇಲ್ದಿದ್ರೆ ನೀನು ಅಂತ ಯಾರಿಗೂ ಗೊತ್ತಾಗಲ್ಲ" ಅಂದ. ಅವನ ಬಾಯಿಂದ ಅಷ್ಟುದ್ದ ಮಾತು ಕೇಳಿ ಎಷ್ಟು ದಿನವಾಗಿತ್ತು! ಮೂಗು ಇನ್ನಷ್ಟು ದಪ್ಪ ಇಟ್ಟೆ. ಆಮೇಲೆ ಹಳೆಯ ರೇಡಿಯೋ ಬಿಚ್ಚಿ ಅದರ ಅಯಸ್ಕಾಂತ ತೆಗೆದು ಗಾಳ ಮಾಡಿದೆವು. ಸಾರ್ಡೀನ್ ಡಬ್ಬಿಯ ಮುಚ್ಚಳಗಳನ್ನು ಮೀನಿನ ಆಕಾರಕ್ಕೆ ಅವನೇ ಕತ್ತರಿಸಿದ, ಅಂಚನ್ನು ನಾನು ಉಜ್ಜಿ ನುಣುಪು ಮಾಡಿದೆ. ಮೇಕೆಯ ಕೊಂಬಿಗೆ ಬಳೆ ಎಸೆಯುವ ಆಟವನ್ನೂ ಯೋಚಿಸಿದ್ದೆ, ಮೇಕೆ ಒಪ್ಪಲಿಲ್ಲ.

ಎಲ್ಲಕ್ಕಿಂತ ಚಂದ ಬಂದದ್ದು ಕಪ್ಪೆ. ಚರ್ಮದ ಕಪ್ಪೆ, ಹೊಟ್ಟೆಯೊಳಗೆ ಹಳೆಯ ಜೀನಿನಿಂದ ಕಿತ್ತ ಉಕ್ಕಿನ ಪಟ್ಟಿ. ಒತ್ತಿ ಹಿಡಿದು ಮೇಣಕ್ಕೆ ಅಂಟಿಸಿಟ್ಟರೆ ಸ್ವಲ್ಪ ಹೊತ್ತು ಸಾಧುವಿನ ಹಾಗೆ ಕೂತಿರುತ್ತದೆ. ಯಾವಾಗ ಕಿತ್ತುಕೊಳ್ಳುತ್ತದೆ ಅಂತ ಅದರಪ್ಪನಿಗೂ ಗೊತ್ತಿಲ್ಲ. ನಾವಿಬ್ಬರೂ ಮೇಜಿಗೆ ಗದ್ದ ಊರಿ ಕಾದೆವು. ಅದು ಹಾರಿ ನೇರವಾಗಿ ನನ್ನ ಸೂಪಿನ ಬಟ್ಟಲಿಗೆ ಬಿತ್ತು. ಅವನು ನಕ್ಕ ನೆವ್ಯಾನಾ. ಫೆಬ್ರವರಿಯಿಂದೀಚೆಗೆ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕವನು ತಟ್ಟನೆ ನಿಲ್ಲಿಸಿ ಬಾಗಿಲ ಕಡೆ ನೋಡಿದ, ಯಾರಾದರೂ ಕೇಳಿಸಿಕೊಂಡರೇನೋ ಅಂತ. ಎಂಟು ವರ್ಷದ ಮಗು ತನ್ನ ಮನೆಯಲ್ಲಿ ನಕ್ಕಿದ್ದಕ್ಕೆ ಹೆದರುವುದನ್ನು ನಾನು ನೋಡಬೇಕಾಗಿ ಬಂತಲ್ಲ, ಯಾವ ಕರ್ಮ ಇದು.

ಕೊನೆಯದಾಗಿ ಮಾಡಿದ್ದು ಮೂರು ಕಾಲಿನ ಓಟದ ಪಟ್ಟಿ. ಇಬ್ಬಿಬ್ಬರು ಪಕ್ಕಪಕ್ಕ ನಿಂತು ಒಬ್ಬನ ಎಡಗಾಲಿಗೆ ಇನ್ನೊಬ್ಬನ ಬಲಗಾಲು ಕಟ್ಟಿಕೊಂಡು ಓಡುವುದು. ನೀನೇ ಶಾಲೆಯಲ್ಲಿ ಮಕ್ಕಳನ್ನು ಓಡಿಸುತ್ತಿದ್ದೆ, ಹಗ್ಗ ಕಟ್ಟಿ. ಹಗ್ಗ ಕಾಲು ಕೊಯ್ಯುತ್ತದೆ, ನನ್ನ ಮೊಮ್ಮಗನ ಹಬ್ಬಕ್ಕೆ ಹಗ್ಗ ಯಾಕೆ ಅಂತ ಮೂರು ಜೊತೆ ಪಟ್ಟಿ ಹೊಲಿದೆ. ಕರುವಿನ ಮೆತ್ತನೆ ಚರ್ಮ, ಒಳಗೆ ಕಂಬಳಿಯ ಒಳಪದರ, ಎರಡು ಬಳೆ, ಎರಡು ಬಕಲ್, ನಡುವೆ ಗೇಣುದ್ದದ ಬಾರು. ನನ್ನ ಜೀವಮಾನದಲ್ಲಿ ಅಷ್ಟು ಸಣ್ಣ ಹೊಲಿಗೆ ಹಾಕಿಲ್ಲ. ಮುಗಿಸಿ ಎತ್ತಿ ಹಿಡಿದಾಗ ಕೈಗೆ ತುಂಬ ಪರಿಚಯದ ವಸ್ತು ಅನ್ನಿಸಿತು. ಯಾಕೆ ಅಂತ ಯೋಚಿಸಲಿಲ್ಲ. ಅರವತ್ತಕ್ಕೆ ಅರಳು ಮರಳು ಅಂತಾರೆ, ನನಗೆ ಎಪ್ಪತ್ತೊಂದು. ಐವತ್ತು ವರ್ಷ ಕುದುರೆಗೆ ಕಾಲುಬೇಡಿ ಮಾಡಿ ಮಾರಿದವನಿಗೆ ಅದು ಏನು ಅಂತ ಹೊಳೆಯಲಿಲ್ಲ ಅಂದರೆ ನೀನು ನಂಬುತ್ತೀಯಾ? ಹುಡುಗನಿಗೆ ಹೊಳೆದಿತ್ತು. ಪಟ್ಟಿಯೊಳಗೆ ಕೈ ತೂರಿಸಿ ನೋಡಿದ. "ಕಟ್ಟಿದ ಮೇಲೆ ಬಿಚ್ಚೋದು ಯಾರು ಅಜ್ಜಾ?" ಅಂದ. "ಯಾರಾದ್ರೂ ಬಿಚ್ತಾರೆ ಕಣೋ, ಅದೇನು ದೊಡ್ಡ ವಿಷ್ಯ" ಅಂದೆ. ಅವನ ಮುಖ ಅರಳಿತು. ಆಟದ ಖುಷಿ ಅಂದುಕೊಂಡೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಭಾನುವಾರ ಮಧ್ಯಾಹ್ನ ಐದು ಮಕ್ಕಳು ಬಂದರು. ಐದು! ತೊಂಕಾಳ ಮಗ ಇಲಿಯ್ಚೊ, ಅವನ ತಂಗಿ ಝ್ಲಾತ್ಕಾ, ಕುರಿ ಕಾಯುವವನ ಮೂವರು ಹೆಣ್ಣುಮಕ್ಕಳು. ಇಲಿಯ್ಚೊ ಮೂರು ದಿನ ಊಟ ಬಿಟ್ಟು ಹಟ ಮಾಡಿದ್ದನಂತೆ, ಬೇಲಿಯ ಮೇಲಿನ ಕಪ್ಪೆಗಾಗಿ. ತೊಂಕಾ ಜೊತೆಯಲ್ಲೇ ಬಂದಳು, ಕಾವಲಿಗೆ. ಕುರಿಯವನ ಹೆಂಡತಿ ಗೇಟಿನ ಹೊರಗೇ ನಿಂತಳು. ಝ್ಲಾತ್ಕಾ ಹಿತ್ತಲಿನ ಸೇವಂತಿಗೆ ಕಿತ್ತು ತಂದಿದ್ದಳು. ಆರು ವರ್ಷದ ಕೂಸು, ಎಣಿಸದೆ ಕಿತ್ತಿದೆ. ನಾನು ಎಣಿಸಿದೆ, ಆರು ಹೂವು. ಜೋಡಿ ಲೆಕ್ಕದ ಹೂವನ್ನು ಸತ್ತವರಿಗೆ ತಾನೇ ಕೊಡುವುದು. ಯಾರೂ ನೋಡುವ ಮೊದಲು ಒಂದನ್ನು ಮುರಿದು ನನ್ನ ಟೋಪಿಗೆ ಸಿಕ್ಕಿಸಿಕೊಂಡೆ. ನೋಡು, ಏನನ್ನೂ ನಂಬದ ನಿನ್ನ ಅಪ್ಪ ಹೂವು ಎಣಿಸುತ್ತಾನೆ. ಬಿಸ್ಕತ್ತಿನ ಕೇಕನ್ನು ನಾನೇ ಮಾಡಿದ್ದೆ, ಹಾಲು ಜಾಸ್ತಿಯಾಗಿ ಮುದ್ದೆಯಾಗಿತ್ತು. ತೊಂಕಾ ಚಮಚ ಆಡಿಸಿ, "ವೆಲ್ಕೋ ಮಾಮಾ, ಇದನ್ನ ತಿನ್ನೋದಾ, ಇಲ್ಲಾ ಗೋಡೆಗೆ ಮೆತ್ತೋದಾ?" ಅಂದಳು. ಎಲ್ಲರೂ ನಕ್ಕರು. ಅವಳ ಗೊಂಬೆಯನ್ನು ಅವಳ ಮಗನೇ ಚೆಂಡಿನಿಂದ ಹೊಡೆದು ಬೀಳಿಸಿದಾಗ, "ಹೊಡಿ ಹೊಡಿ, ಮನೆಗ್ ಬಾ ನೋಡ್ಕೋತೀನಿ" ಅಂತ ತಾನೂ ನಕ್ಕಳು. ಒಂದು ಗಂಟೆ ಹೊತ್ತು ನಮ್ಮ ಅಂಗಳದಲ್ಲಿ ಮಕ್ಕಳ ಗಲಾಟೆ. ನಾನು ಬಾವಿಕಟ್ಟೆಯ ಮೇಲೆ ಕೂತು, ಇವತ್ತೇ ಕಾಗದ ಬರೆಯುತ್ತೇನೆ, ನೆವ್ಯಾನಾಗೆ ಇದನ್ನೆಲ್ಲ ಬರೆಯುತ್ತೇನೆ ಅಂತ ಮನಸ್ಸಿನಲ್ಲೇ ಸಾಲು ಜೋಡಿಸುತ್ತಿದ್ದೆ.

ಆಮೇಲೆ ಮೂರು ಕಾಲಿನ ಓಟ. ಆರು ಮಕ್ಕಳು, ಮೂರು ಜೊತೆ. ನಮ್ಮವನ ಎಡಗಾಲಿಗೆ ಇಲಿಯ್ಚೊನ ಬಲಗಾಲು. ನಾನೇ ಬಗ್ಗಿ ಬಕಲ್ ಹಾಕಿದೆ. ತೊಂಕಾ ಒಳಗೆ ಲೋಟ ತೊಳೆಯುತ್ತಿದ್ದಳು. ಸೀಟಿ ಊದಿದೆ. ಅವನು ಓಡಿದ ಮಗಳೇ! ಆರು ತಿಂಗಳಿಂದ ಎಳೆದುಕೊಂಡು ನಡೆದ ಆ ಕಾಲು ಕುಂಟಲಿಲ್ಲ, ತಡವರಿಸಲಿಲ್ಲ, ಇಲಿಯ್ಚೊನ ಹೆಗಲ ಮೇಲೆ ಕೈ ಹಾಕಿಕೊಂಡು ಅಂಗಳದ ಆ ತುದಿಯವರೆಗೆ ಒಂದೇ ಉಸಿರಿಗೆ ಓಡಿ ಎಲ್ಲರಿಗಿಂತ ಮೊದಲು ಬೇಲಿ ಮುಟ್ಟಿದ. ನಾನು ಟೋಪಿ ತೆಗೆದು ಮೇಲಕ್ಕೆ ಎಸೆದೆ. ಅಲ್ಲಿ ಇಲಿಯ್ಚೊ ಮಂಡಿಯೂರಿ ಕೂತ, ನಮ್ಮವನ ಕಾಲಿನ ಬಕಲ್ ಮೇಲೆ ಕೈಯಿಟ್ಟ, ಏನೋ ಹೇಳಲು ಬಾಯಿ ತೆರೆದ. ಅದೇ ಹೊತ್ತಿಗೆ ಬೇಲಿಯ ಆಚೆ ಗೆನಾ ಮುದುಕಿ. ಹುಟ್ಟುಹಬ್ಬದ ಮಗುವಿಗೆ ಅಂತ ಒಂದು ಚೀಲ ಆಕ್ರೋಟು ತಂದಿದ್ದಳು ಪಾಪ, ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದಳು. ಕಾಲು ನೋಡಿದವಳೇ ಚೀಲ ಬಿಟ್ಟು ಎದೆ ಬಡಿದುಕೊಂಡಳು. "ಅಯ್ಯಯ್ಯೋ! ಬಿಡಿಸದೋನಿಗೆ ಕಟ್ಟಿಬಿಟ್ರಲ್ರೇ! ಸತ್ತೋಳ ಬಳೆಗೆ ಬದುಕಿರೋ ಹುಡುಗನ್ನ ಹಾಕಿಬಿಟ್ರಲ್ರೇ! ಇನ್ನು ಅವಳು ಇವನ್ನೂ ಕರೀತಾಳೆ!"

ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರೆ. ನನಗೆ ಆಗ ಅರ್ಥವಾಯಿತು ನನ್ನ ಕೈ ಏನು ಹೊಲಿದಿತ್ತು ಅಂತ. ತೊಂಕಾ ಒದ್ದೆ ಕೈಯಲ್ಲೇ ಓಡಿ ಬಂದಳು. ತನ್ನ ಮಗನ ಕೈಯನ್ನು ನಮ್ಮವನ ಬಕಲ್ ಮೇಲಿಂದ ಹೊಡೆದು ತೆಗೆದಳು, ತನ್ನ ಮಗನ ಕಾಲನ್ನು ಮಾತ್ರ ಬಿಚ್ಚಿಕೊಂಡಳು, ದರದರ ಎಳೆದುಕೊಂಡು ಹೋದಳು. ಇಲಿಯ್ಚೊ, "ಅಮ್ಮಾ ತಡಿ, ಒಂದೇ ಮಾತು, ಮುಗಿಸ್ತೀನಿ ತಡೀ" ಅಂತ ಅಳುತ್ತಲೇ ಹೋದ. ಕುರಿಯವನ ಮಕ್ಕಳು ಯಾವಾಗ ಹೋದರೋ ನಾನು ನೋಡಲಿಲ್ಲ. ಅಂಗಳದಲ್ಲಿ ಗೊಂಬೆಗಳು ಬಿದ್ದಿದ್ದವು, ತೊಟ್ಟಿಯಲ್ಲಿ ತಗಡಿನ ಮೀನು, ಮೇಜಿನ ಮೇಲೆ ಯಾರೂ ಎರಡನೇ ಸಲ ಹಾಕಿಸಿಕೊಳ್ಳದ ಕೇಕು. ಸ್ಪಾಸ್ ಬೇಲಿಯ ಹತ್ತಿರ ನಿಂತಿದ್ದ, ಎಡಗಾಲಿಗೆ ಪಟ್ಟಿ, ಪಕ್ಕದಲ್ಲಿ ಖಾಲಿ ಬಳೆ.

ನಾನು ಬಗ್ಗಿ ಬಿಚ್ಚಲು ಹೋದೆ. ಹಿಂದಕ್ಕೆ ಸರಿದ. "ನೀನ್ ಬೇಡ ಅಜ್ಜಾ. ನೀನು ನಮ್ಮೋನು. ಬೇರೆ ಮನೆಯೋರೇ ಬಿಡಿಸ್ಬೇಕು." ಅವನಿಗೆ ಎಲ್ಲ ಗೊತ್ತಿತ್ತು ನೆವ್ಯಾನಾ. ಶಾಲೆಯಲ್ಲಿ ಏಳು ತಿಂಗಳಿಂದ ಅದನ್ನೇ ಕೇಳಿದ್ದಾನಲ್ಲ. ಇಲಿಯ್ಚೊ ಜೊತೆ ಮೊದಲೇ ಗುಟ್ಟಾಗಿ ಮಾತಾಡಿಕೊಂಡಿದ್ದ, ಓಟ ಮುಗಿದ ಮೇಲೆ ಆ ಮಾತು ಹೇಳಿ ಬಕಲ್ ಬಿಚ್ಚಿದರೆ ಕಪ್ಪೆ ಅವನಿಗೆ ಅಂತ. ಆಮೇಲೆ ನನ್ನ ಮುಖ ನೋಡಿ, "ಅದಕ್ಕೇ ಅಲ್ವಾ ಅಜ್ಜಾ ನೀನು ಇದನ್ನ ಹೊಲಿದಿದ್ದು?" ಅಂದ. ಅಂದರೆ ಈ ಗೊಂಬೆ, ಮೀನು, ಕೇಕು ಎಲ್ಲವೂ ಅದಕ್ಕೇ ಅಂದುಕೊಂಡಿದ್ದ. ಕೊನೆಗೂ ಅಜ್ಜ ನನ್ನನ್ನು ಬಿಡಿಸಲು ಒಂದು ಉಪಾಯ ಮಾಡಿದ ಅಂದುಕೊಂಡು ಅಷ್ಟು ದಿನ ಸಂತೋಷವಾಗಿದ್ದ. ಇಲ್ಲ ಕಣೋ, ನಾನು ಸುಮ್ಮನೆ ಆಟ ಮಾಡಿದ್ದೆ ಅಂತ ಹೇಳಬೇಕಾಗಿತ್ತು. ಹೂಂ ಅಂದೆ.

ಇವತ್ತಿಗೆ ಮೂರು ದಿನ. ಪಟ್ಟಿ ಕಾಲಲ್ಲೇ ಇದೆ. ಅದರಲ್ಲೇ ಮಲಗುತ್ತಾನೆ, ಖಾಲಿ ಬಳೆಯನ್ನು ಚಡ್ಡಿಗೆ ಪಿನ್ನು ಹಾಕಿಕೊಂಡು ಶಾಲೆಗೂ ಹೋಗುತ್ತಾನೆ. ಮತ್ತೆ ಕುಂಟು, ಮೊದಲಿಗಿಂತ ಹೆಚ್ಚು. ನನ್ನ ಚೂರಿಗೆ ಆ ಚರ್ಮ ಒಂದು ಎಳೆತದ ಕೆಲಸ, ಆದರೆ ಕೊಯ್ದರೆ ಚರ್ಮ ಬಿಟ್ಟೀತು, ಹುಡುಗ ಬಿಡುತ್ತಾನೆಯೇ? ಸೋಮವಾರ ಸಂಜೆ ಟೋಪಿ ಕೈಯಲ್ಲಿ ಹಿಡಿದುಕೊಂಡು ತೊಂಕಾಳ ಬಾಗಿಲಿಗೆ ಹೋದೆ, ಇಲಿಯ್ಚೊ ಬಂದು ಬಿಡಿಸಲಿ ಅಂತ ಕೇಳಲು. ಮೊದಲು ಗೆನಾಳ ಮನೆಗೆ ಹೋಗಿ ಅವಳನ್ನೂ ಕರೆದುಕೊಂಡೇ ಹೋದೆ, ಅವಳ ಮಾತನ್ನಾದರೂ ಕೇಳಿಯಾಳು ಅಂತ. ತೊಂಕಾ ಕೆಟ್ಟವಳಲ್ಲ. ಅವಳೂ ಅತ್ತಳು. "ಮಾಮಾ, ನನ್ನ ರಕ್ತ ಕೇಳು, ಈಗ್ಲೇ ಕೊಡ್ತೀನಿ. ಮಗನ್ನ ಕೇಳ್ಬೇಡ" ಅಂದಳು. ನಾನು ಬಿಡಲಿಲ್ಲ. ಮೂಢನಂಬಿಕೆ, ಹಳೇ ಕಾಲ, ರೇಡಿಯೋದಲ್ಲಿ ಚಂದ್ರನ ಮೇಲೆ ಮನುಷ್ಯ ಅಂತೆಲ್ಲ ಹೇಳಿದೆ. ಅವಳು ಕಣ್ಣೊರೆಸಿಕೊಂಡು ಒಂದೇ ಮಾತು ಹೇಳಿದಳು. "ನಿನ್ನ ಮಗಳಿಗೆ ಇದ್ರಲ್ಲೆಲ್ಲ ನಂಬಿಕೆ ಇಲ್ಲ ತಾನೇ? ಮತ್ಯಾಕೆ ಏಳು ತಿಂಗಳಿಂದ ಅವನ ಹತ್ರ ಬಂದಿಲ್ಲ? ಹೆತ್ತೋಳೇ ಆ ಮಗೂಗೆ ಹೆದರ್ಕೊಂಡಿರೋವಾಗ ನಾನು ಹೆದರಬಾರ್ದಾ?" ನೀನು ಯಾಕೆ ಬಂದಿಲ್ಲ ಅಂತ ನನಗೆ ಗೊತ್ತು. ಅವನ ಮುಖದಲ್ಲಿ ಯಾನಾ ಕೂತಿದ್ದಾಳೆ, ಅದೇ ಹುಬ್ಬು, ಅದೇ ಗದ್ದ. ನಾನು ದಿನಾ ನೋಡುತ್ತೇನಲ್ಲ, ನನಗೂ ಎದೆ ಕೊಯ್ಯುತ್ತದೆ. ಆದರೆ ಅದನ್ನು ಅವಳಿಗೆ ಹೇಗೆ ಹೇಳಲಿ?

ವಾಪಸು ಬರುವಾಗ ಗೆನಾ ನನ್ನ ತೋಳು ಹಿಡಿದುಕೊಂಡಳು. "ನೀನು ಕೇಳಿದ್ರೆ ಆಗಲ್ಲ ವೆಲ್ಕೊ, ಅದು ಮುದುಕನ ಹಟ ಆಗತ್ತೆ. ಮಗೂನ ಬಿಡಿಸಿಕೊಡಿ ಅಂತ ತಾಯಿ ಕೇಳ್ಬೇಕು. ಹಿಂದಿನಿಂದ್ಲೂ ಹಾಗೇ. ತಾಯಿ ಬಂದು ಬಾಗಿಲಲ್ಲಿ ನಿಂತು ಕೇಳಿದ್ರೆ ಇಲ್ಲ ಅನ್ನೋ ತಾಯಿ ಈ ಊರಲ್ಲಿಲ್ಲ" ಅಂದಳು. ನನಗೆ ಯಾವುದು ಸರಿ ಅಂತ ಈಗ ಗೊತ್ತಾಗುತ್ತಿಲ್ಲ ಮಗಳೇ. ಫೆಬ್ರವರಿಯಲ್ಲಿ ಬಹಳ ಚೆನ್ನಾಗಿ ಗೊತ್ತಿತ್ತು.

ನಡೆದದ್ದನ್ನು ನಿನಗೆ ತಿಳಿಸಬೇಕಾಗಿತ್ತು, ತಿಳಿಸಿದ್ದೇನೆ. ಗಾಬರಿಯಾಗಬೇಡ. ಅವಸರವೇನಿಲ್ಲ. ಮೊದಲೇ ಅಂದುಕೊಂಡ ಹಾಗೆ ಹೊಸ ವರ್ಷಕ್ಕೆ, ಲಾಜರನಿಗೆ ರಜೆ ಸಿಕ್ಕಾಗ ಇಬ್ಬರೂ ಕೂಡಿಯೇ ಬನ್ನಿ. ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು. ಲಾಜರನಿಗೆ ನನ್ನ ನೆನಪು ಹೇಳು. ನೀವಿಬ್ಬರೂ ನೂರು ಕಾಲ ಬಾಳಿ, ಇದು ಬಿಟ್ಟು ಈ ಮುದುಕನ ಹತ್ತಿರ ಕೊಡುವುದಕ್ಕೆ ಬೇರೆ ಏನೂ ಉಳಿದಿಲ್ಲ.

ನಿನ್ನ ಅಪ್ಪ,
ವೆಲ್ಕೊ

ಮರೆತ ಮಾತು: ಸ್ತೊಯಿಲ್ ಗೇಟಿನಲ್ಲಿ ಬಸ್ಸು ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದಾನೆ, ಕಾಗದ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವಸರವಿಲ್ಲ ಅಂತ ಮೇಲೆ ಬರೆದದ್ದು ಸುಳ್ಳು. ಬೆಳಿಗ್ಗೆ ಸ್ಪಾಸ್ ಹಾಲು ಕುಡಿಯುತ್ತ ಕೇಳಿದ, "ಅಜ್ಜಾ, ಯಾರೂ ಬಿಡಿಸದಿದ್ರೆ ನಾನು ಯಾನಾ ಹತ್ರ ಯಾವಾಗ ಹೋಗ್ಬೇಕು?" ಶಾಲೆಗೆ ಎಷ್ಟು ಹೊತ್ತಿಗೆ ಹೊರಡಬೇಕು ಅಂತ ಕೇಳುವ ಹಾಗೆ ಕೇಳಿದ. ಆಮೇಲೆ ತಾನೇ, "ಹೊಸ ವರ್ಷ ಆದ್ಮೇಲೆ ಹೋಗ್ಲಾ? ಅಮ್ಮ ಬರ್ತಾಳಲ್ಲ" ಅಂದ. ಮುಂದಿನ ಬುಧವಾರದ ಬಸ್ಸಿಗೆ ಬಾ. ನಂಬಬೇಡ, ಏನನ್ನೂ ನಂಬಬೇಡ, ಬಂದು ತೊಂಕಾಳ ಬಾಗಿಲಲ್ಲಿ ನಿಂತು ಒಂದು ಸಲ ಕೇಳು. ಅವನ ಮುಖ ನೋಡಲು ಆಗದಿದ್ದರೆ ತಲೆ ತಗ್ಗಿಸಿಕೊಂಡೇ ಬಾ, ಕಾಲು ನೋಡಿದರೂ ಸಾಕು.